ಊರ್ಮಿಳಾಳ ಐದು ನಿಮಿಷ

ಮದುವೆಯಾಗಿ ಇಪ್ಪತ್ತಮೂರು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಹೆಂಡತಿ ಊರ್ಮಿಳಾ ನನಗೆ ಹೇಳಿದ ಸುಳ್ಳು ಒಂದೇ. ಆದರೆ ಅದನ್ನು ದಿನಕ್ಕೆ ಹತ್ತು ಸಲ ಹೇಳಿದ್ದಾಳೆ. "ಐದೇ ನಿಮಿಷ ರೀ." ಸೀರೆ ಉಡುವುದಕ್ಕೆ ಐದೇ ನಿಮಿಷ, ಸಾರು ಕುದಿಯುವುದಕ್ಕೆ ಐದೇ ನಿಮಿಷ, ತಂಗಿಯ ಜೊತೆ ಫೋನಿನಲ್ಲಿ ಐದೇ ನಿಮಿಷ. ಈ ಐದೈದು ನಿಮಿಷಗಳನ್ನು ಕಾಯುತ್ತಲೇ ನನ್ನ ತಲೆ ಬೋಳಾಯಿತು. ರೇಗಿದರೆ, "ಅಯ್ಯೋ, ಬಾಯಿಮಾತಿಗೆ ಹೇಳಿದ್ದನ್ನ ಗಡಿಯಾರ ಹಿಡ್ಕೊಂಡು ನೋಡ್ತಾರಾ ಯಾರಾದ್ರೂ?" ಎಂದು ನನ್ನನ್ನೇ ಬೈಯುತ್ತಾಳೆ.

ಹಾಗೆ ನೋಡುವವರ ಒಂದು ಇಡೀ ದೇಶವೇ ಇದೆ. ನಾವು ಬಂದು ಮನೆ ಮಾಡಿರುವುದೂ ಅಲ್ಲಿಯೇ.

ತಪ್ಪು ಅವಳದಲ್ಲ, ಅವಳ ಹಳೆಯ ಕೆಲಸದ್ದು. ಬೆಂಗಳೂರಿನ ವಿಜಯನಗರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಹನ್ನೊಂದು ವರ್ಷ ಫೋನ್ ಎತ್ತಿದವಳು ಅವಳು. ಸಿಲಿಂಡರ್ ಬಂದಿಲ್ಲ ಎಂದು ಯಾರಾದರೂ ಕೂಗಾಡಿದರೆ, "ಗಾಡಿ ಹೊರಟಿದೆ ಮೇಡಂ, ಐದೇ ನಿಮಿಷ" ಎನ್ನುತ್ತಿದ್ದಳು. ಗಾಡಿ ಆಗ ಗೋಡೌನಿನ ಮುಂದೆ ಪಂಕ್ಚರ್ ಆಗಿ ನಿಂತಿರುತ್ತಿತ್ತು. ಅದು ಆ ಮೇಡಂಗೂ ಗೊತ್ತಿರುತ್ತಿತ್ತು. ಆದರೂ ಯಾರೋ ತನ್ನ ಮಾತು ಕೇಳಿಸಿಕೊಂಡರು ಎಂಬ ಸಮಾಧಾನಕ್ಕೆ ಫೋನ್ ಇಟ್ಟು ಪಕ್ಕದ ಮನೆಯ ಒಲೆಯಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದರು.

ನಾನು ಸೋಮಶೇಖರ. ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಅಲ್ಲಿಯ ಬಾಡಿಗೆಗೆ ಹೆದರಿ ರೈಲಿನಲ್ಲಿ ಒಂದು ಗಂಟೆ ದೂರದ ಲಿಲ್‌ಬ್ರೋ ಎಂಬ ಪುಟ್ಟ ಊರಿನಲ್ಲಿದ್ದೇವೆ. ಇಲ್ಲಿಗೆ ಬಂದ ಮೇಲೆ ಊರ್ಮಿಳಾ ಆರು ವರ್ಷ ಸ್ವೀಡಿಷ್ ಕಲಿತಳು, ನಲವತ್ತೊಂದು ಅರ್ಜಿ ಹಾಕಿದಳು, ನಲವತ್ತೊಂದು ಸಲ ನಯವಾಗಿ ಬೇಡವೆನ್ನಿಸಿಕೊಂಡಳು. ನಲವತ್ತೆರಡನೆಯದಕ್ಕೆ ಕೊಮ್ಮುನ್, ಅಂದರೆ ಇಲ್ಲಿಯ ಪುರಸಭೆ, ಅವಳನ್ನು ಕರೆಯಿತು. ರಸ್ತೆ ವಿಭಾಗದಲ್ಲಿ ಜನರ ದೂರಿನ ಫೋನ್ ಎತ್ತುವ ಕೆಲಸ. ಸೆಪ್ಟೆಂಬರಿನಿಂದ ಆರು ತಿಂಗಳು ಪ್ರೊಬೇಷನ್. ಫೆಬ್ರವರಿ ಕೊನೆಗೆ ಕಾಯಂ, ಇಲ್ಲವೇ ಮನೆ. ಕೊಮ್ಮುನ್ ಕೊಟ್ಟ ಫೋಟೋ ಇದ್ದ ಕಾರ್ಡನ್ನು ಅವಳು ಕನ್ನಡ ಕೂಟದ ದೀಪಾವಳಿಗೂ ರೇಷ್ಮೆ ಸೀರೆಯ ಮೇಲೆ ಹಾಕಿಕೊಂಡು ಬಂದಳು. ನನಗೆ ನಾಚಿಕೆಯಾಯಿತು, ಜೊತೆಗೆ ಖುಷಿಯೂ ಆಯಿತು.

ಲಿಲ್‌ಬ್ರೋದಲ್ಲಿ ಹಿಮ ತೆಗೆಯಲು ಇರುವುದು ಮೂರು ಟ್ರಾಕ್ಟರ್. ಅವಕ್ಕೊಂದು ಸರದಿಯಿದೆ, ಅದನ್ನು ದೇವರು ಬಂದು ಕೇಳಿಕೊಂಡರೂ ಮುರಿಯುವುದಿಲ್ಲ. ಮೊದಲು ಶಾಲೆಗೂ ದಾಗಿಸ್ ಎಂಬ ಶಿಶುವಿಹಾರಕ್ಕೂ ಹೋಗುವ ಕಾಲುದಾರಿ, ಆಮೇಲೆ ಬಸ್ಸಿನ ರಸ್ತೆ, ಆಮೇಲೆ ವೃದ್ಧರ ಮನೆ. ಒಂಟಿ ಮನೆಗಳ ಸಣ್ಣ ಬೀದಿಗಳು ಎಲ್ಲಕ್ಕಿಂತ ಕೊನೆಗೆ. ಟ್ರಾಕ್ಟರ್ ಬಂದರೂ ಅದೊಂದು ಶಿಕ್ಷೆಯೇ: ರಸ್ತೆಯ ಹಿಮವನ್ನೆಲ್ಲ ಬದಿಗೆ ತಳ್ಳಿ ಪ್ರತಿ ಗೇಟಿನ ಮುಂದೆ ಮೊಣಕಾಲೆತ್ತರದ ಒಡ್ಡು ಕಟ್ಟಿ ಹೋಗುತ್ತದೆ. ಆ ಒಡ್ಡನ್ನು ತೆಗೆಯುವುದು ಮನೆಯವರ ಕರ್ಮ.

ಜನವರಿಯ ಒಂದು ಮಂಗಳವಾರ ಬೆಳಗಾಗುವಷ್ಟರಲ್ಲಿ ಹತ್ತೊಂಬತ್ತು ಸೆಂಟಿಮೀಟರ್ ಹಿಮ ಬಿದ್ದಿತ್ತು. ಏಳು ಗಂಟೆಗೆ ಹಸೆಲ್ ಬೀದಿಯಿಂದ ಮೊದಲ ಫೋನ್. ರಾಗ್ನಾರ್ ಎಂಬ ಎಂಬತ್ತನಾಲ್ಕರ ಮುದುಕ, ನಿವೃತ್ತ ಸ್ಟೇಷನ್ ಮಾಸ್ತರು. "ಟ್ರಾಕ್ಟರ್ ಯಾವಾಗ?" ಎಂದು ಕೇಳಿದ. ಊರ್ಮಿಳಾ ಪಟ್ಟಿ ನೋಡಿದಳು. ಹಸೆಲ್ ಬೀದಿ ಇದ್ದದ್ದು ಕಟ್ಟಕಡೆಯ ಸಾಲಿನಲ್ಲಿ. ಮುದುಕನ ದನಿ ಕೇಳಿ ಅವಳ ಕರುಳು ಚುರ್ ಎಂದಿತು. ಬಾಯಿ ತನ್ನಷ್ಟಕ್ಕೆ ವಿಜಯನಗರದ ಗ್ಯಾಸ್ ಏಜೆನ್ಸಿಗೆ ಓಡಿಹೋಯಿತು.

"ಹೊರಟಿದೆ. ಐದೇ ನಿಮಿಷ."

ಅದೇ ಬೀದಿಯಿಂದ ಮತ್ತೆ ಎಂಟು ಫೋನ್ ಬಂದವು. ಎಂಟಕ್ಕೂ ಅದೇ ಉತ್ತರ.

ಇಲ್ಲಿಯ ಜನರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಆರು ಗಂಟೆಗೆ ಊಟಕ್ಕೆ ಕರೆದರೆ ಐದು ಐವತ್ತಕ್ಕೇ ಬಂದು, ಹತ್ತು ನಿಮಿಷ ಮೂಲೆಯಲ್ಲಿ ಚಳಿಗೆ ನಡುಗುತ್ತ ನಿಂತು, ಸರಿಯಾಗಿ ಆರಕ್ಕೆ ಬೆಲ್ ಒತ್ತುವ ಜನ. ಅಂಥವರಿಗೆ ಪುರಸಭೆಯೇ ಐದು ನಿಮಿಷ ಎಂದಮೇಲೆ ಕೇಳಬೇಕೇ? ಟ್ರಾಕ್ಟರಿಗೆ ಅಡ್ಡವಾಗದಿರಲೆಂದು ಒಂಬತ್ತು ಮನೆಯವರೂ ಕಾರು ಒಳಗೆ ತಳ್ಳಿ, ಸಲಿಕೆ ಹಿಡಿದು, ಮೈನಸ್ ಹನ್ನೊಂದರ ಚಳಿಯಲ್ಲಿ ಗೇಟಿಗೆ ಬಂದು ನಿಂತರು. ಐದು ನಿಮಿಷವಾಯಿತು. ಇಪ್ಪತ್ತಾಯಿತು. ಒಳಗೆ ಹೋದರೆ ಅಷ್ಟರಲ್ಲೇ ಬಂದುಬಿಟ್ಟರೆ ಎಂಬ ಭಯ. ರಾಗ್ನಾರ್ ಫ್ಲಾಸ್ಕಿನಲ್ಲಿ ಕಾಫಿ ತಂದ. ಎದುರು ಮನೆಯಾಕೆ ಏಲಕ್ಕಿ ಬನ್ನು ತಂದಳು. ಕೊನೆಗೆ ಸಿಟ್ಟಿಗೋ ಚಳಿಗೋ ಎಲ್ಲರೂ ಸೇರಿ ಗೇಟಿನ ಮುಂದೆಯೂ ಬೀದಿಯಲ್ಲೂ ನೆಲ ಕಾಣುವ ಹಾಗೆ ಹಿಮ ತೆಗೆದುಬಿಟ್ಟರು.

ಒಂಬತ್ತೂಕಾಲಿಗೆ ತೂರೆಯ ಟ್ರಾಕ್ಟರ್ ಬಂತು. ತೂರೆ ಮಾತು ಕಡಿಮೆಯ ರೈತ. ಪಟ್ಟಿಯಲ್ಲಿ ಹಸೆಲ್ ಬೀದಿ ಎಂದಿದೆ, ಹಾಗಾಗಿ ತಳ್ಳಬೇಕು. ಅಂಚಿಗೆ ಜನ ಕಷ್ಟಪಟ್ಟು ಗುಡ್ಡೆ ಹಾಕಿದ್ದ ಹಿಮವನ್ನೆಲ್ಲ ಎಳೆದು, ಒಂಬತ್ತು ಗೇಟುಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿ, ಕೈ ಬೀಸಿ ಹೋದ.

ಮರುದಿನ ಒಂಬತ್ತು ದೂರಿನ ಪತ್ರ ಬಂದವು. ಎಲ್ಲದರಲ್ಲೂ ನಿಮಿಷ ಸಮೇತ ಲೆಕ್ಕ. ವಿಭಾಗದ ಮುಖ್ಯಸ್ಥೆ ಲೀನಾ ಫೀಕಾಕ್ಕೆ, ಅಂದರೆ ಇಲ್ಲಿಯ ಕಾಫಿ ಬಿಡುವಿಗೆ, ಊರ್ಮಿಳಾಳನ್ನು ತನ್ನ ಕೋಣೆಗೆ ಕರೆದಳು. ಈ ದೇಶದಲ್ಲಿ ಯಾರೂ ಕೂಗುವುದಿಲ್ಲ, ಬನ್ನಿನ ತಟ್ಟೆ ಮುಂದೆ ತಳ್ಳಿ ಮೆಲ್ಲಗೆ ಮಾತಾಡುತ್ತಾರೆ. ಅದು ಇನ್ನೂ ಭಯಂಕರ.

"ಟ್ರಾಕ್ಟರ್ ಎಲ್ಲಿದೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದರೆ ಐದು ನಿಮಿಷ ಅಂತ ಯಾಕೆ ಹೇಳಿದೆ?"

"ಅವರಿಗೆ ಬೇಜಾರಾಗಬಾರದು ಅಂತ."

ಲೀನಾ ಬನ್ನಿನ ತಟ್ಟೆಯನ್ನು ಇನ್ನಷ್ಟು ಮುಂದೆ ತಳ್ಳಿದಳಂತೆ. ಆಮೇಲೆ, ಇನ್ನು ಮುಂದೆ ಪಟ್ಟಿಯಲ್ಲಿರುವ ಸಮಯವನ್ನೇ ಹೇಳಬೇಕು, ತಾನು ಆಗಾಗ ಪಕ್ಕದಲ್ಲಿ ನಿಂತು ಕೇಳುತ್ತೇನೆ, ಕಾಯಂ ಮಾಡುವ ತೀರ್ಮಾನ ಅದರ ಮೇಲೆ ಎಂದಳಂತೆ.

ಆ ಸಂಜೆ ಊರ್ಮಿಳಾ ಕಾರ್ಡನ್ನು ಕೊರಳಿನಿಂದ ತೆಗೆಯದೆಯೇ ಸೋಫಾದ ಮೇಲೆ ಕುಳಿತಿದ್ದಳು. "ನಾನು ಎಷ್ಟು ಸಲ ಹೇಳಿದೀನಿ ನಿನಗೆ," ಎಂದು ಶುರು ಮಾಡಿದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

"ಹೌದು ರೀ, ಹೇಳಿದೀರ," ಎಂದಳು. "ಆರು ವರ್ಷ ನಾನು ಈ ಊರಲ್ಲಿ ಸೋಮಶೇಖರನ ಹೆಂಡತಿ, ಅಷ್ಟೇ. ಈಗ ಬೆಳಗಾದ್ರೆ ಊರಿನವರೆಲ್ಲ ನನ್ನ ಹೆಸರು ಹಿಡಿದು ಕೂಗ್ತಾರೆ. ಬೈಯೋದಕ್ಕೇ ಇರಲಿ. ಅದನ್ನ ಕಳ್ಕೊಳ್ಳಕ್ಕೆ ಆಗಲ್ಲ ನನಗೆ." ಅವಳು ಅತ್ತಳು. ಆಫೀಸಿನಲ್ಲಿ ನೂರು ತಪ್ಪು ಮಾಡಿಯೂ ಸಂಬಳ ತರುವ ನನಗೆ ಅವಳ ಒಂದು ತಪ್ಪನ್ನು ಎಣಿಸುವ ಯೋಗ್ಯತೆ ಇರಲಿಲ್ಲ.

ಮರುದಿನದಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. "ದೋಸೆ ಯಾವಾಗ?" ಎಂದರೆ, "ಎಂಟು ಇಪ್ಪತ್ತೆರಡಕ್ಕೆ." "ಹೊರಡೋಣವಾ?" ಎಂದರೆ, "ಇನ್ನು ಮುಕ್ಕಾಲು ಗಂಟೆ ಆಗತ್ತೆ, ಕೂತ್ಕೊಳ್ಳಿ." ಸತ್ಯ ಇಷ್ಟು ರುಚಿಯಿಲ್ಲದ್ದು ಎಂದು ನನಗೆ ಗೊತ್ತಿರಲಿಲ್ಲ. ಮೂರು ವಾರಕ್ಕೆ ನಾನೇ ಬೇಡಿಕೊಂಡೆ: "ಒಂದ್ಸಲ ಐದು ನಿಮಿಷ ಅನ್ನೇ, ಜೀವಕ್ಕೆ ಹಿತವಾಗತ್ತೆ." ಅವಳು ಅನ್ನಲಿಲ್ಲ.

ಫೆಬ್ರವರಿಯ ಕೊನೆಯ ವಾರ ಮತ್ತೆ ಹಿಮ ಬಿತ್ತು. ನನ್ನ ರೈಲು ರದ್ದಾಯಿತು. ಊರ್ಮಿಳಾ ಚಿತ್ರಾನ್ನದ ಡಬ್ಬಿ ಮರೆತು ಹೋಗಿದ್ದಳು, ಕೊಡೋಣವೆಂದು ಕೊಮ್ಮುನ್ ಕಚೇರಿಗೆ ನಡೆದೆ. ಅವಳು ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಳು. ಹಿಂದೆ ಲೀನಾ ಕೈಕಟ್ಟಿ ನಿಂತು, ಇನ್ನೊಂದು ಹೆಡ್‌ಫೋನಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಫೋನ್ ಬಂತು. ಮುದುಕ ರಾಗ್ನಾರನ ಕಂಠ ಎಷ್ಟು ದೊಡ್ಡದೆಂದರೆ ಬಾಗಿಲಲ್ಲಿ ನಿಂತ ನನಗೂ ಕೇಳಿಸುತ್ತಿತ್ತು.

"ಟ್ರಾಕ್ಟರ್ ಯಾವಾಗ?"

ಊರ್ಮಿಳಾ ಪಟ್ಟಿಯ ಮೇಲೆ ಬೆರಳಿಟ್ಟಳು. "ಹಸೆಲ್ ಬೀದಿಗೆ ಹನ್ನೊಂದು ನಲವತ್ತಕ್ಕೆ, ರಾಗ್ನಾರ್."

"ಹಾಗಲ್ಲ," ಎಂದ ರಾಗ್ನಾರ್. "ಅವತ್ತಿನ ಹಾಗೆ ಹೇಳು."

"ಹಾಗೆ ಹೇಳಬಾರದು. ಅದು ಸುಳ್ಳು."

"ಸುಳ್ಳು ಅಂತ ನನಗೂ ಗೊತ್ತು. ಹನ್ನೊಂದು ನಲವತ್ತು ಅಂದರೆ ಇಲ್ಲಿ ಒಬ್ಬನೂ ಹೊರಗೆ ಬರುವುದಿಲ್ಲ. ಮೂವತ್ತೊಂದು ವರ್ಷ ಇದೇ ಬೀದಿಯಲ್ಲಿದ್ದೇನೆ, ಎದುರು ಮನೆಯವಳ ಹೆಸರು ಗೊತ್ತಾಗಿದ್ದು ಅವತ್ತೇ. ಕಾಫಿ ಫ್ಲಾಸ್ಕಿಗೆ ಹಾಕಿಯಾಗಿದೆ. ನೀನು ಐದು ನಿಮಿಷ ಅಂತ ಹೇಳಿದರೆ ನಾನು ಎಂಟು ಮನೆಗೂ ಫೋನ್ ಮಾಡಿ, ಕೊಮ್ಮುನ್ ಹೇಳಿತು ಅನ್ನುತ್ತೇನೆ. ಇನ್ನೊಂದು ವಿಷಯ. ದಯವಿಟ್ಟು ಆ ತೂರೆಯನ್ನು ಕಳಿಸಬೇಡ."

ಊರ್ಮಿಳಾ ತಿರುಗಿ ಲೀನಾಳನ್ನು ನೋಡಿದಳು. ಲೀನಾ ಕಿಟಕಿಯಾಚೆ ನೋಡಿದಳು. ಅಂಗಳದಲ್ಲಿ ತೂರೆ ಟ್ರಾಕ್ಟರಿನಲ್ಲಿ ಕುಳಿತು ಬನ್ನು ತಿನ್ನುತ್ತಿದ್ದ. ಲೀನಾ ಜೀವಮಾನದಲ್ಲಿ ಒಂದು ನಿಯಮವನ್ನೂ ಮುರಿದವಳಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಕೊನೆಗೆ ಕಟ್ಟಿದ್ದ ಕೈ ಬಿಚ್ಚಿ, ಮಾತಿಲ್ಲದೆ ಐದು ಬೆರಳು ತೋರಿಸಿದಳು.

"ಹೊರಟಿದೆ, ರಾಗ್ನಾರ್," ಎಂದಳು ನನ್ನ ಹೆಂಡತಿ. "ಐದೇ ನಿಮಿಷ."

ಲೀನಾ ಪಟ್ಟಿಯಲ್ಲಿ ಹಸೆಲ್ ಬೀದಿಯ ಮೇಲೆ ಗೀಟು ಎಳೆದಳು. ನನಗೆ ತಡೆಯಲಾಗಲಿಲ್ಲ. ಡಬ್ಬಿ ಹಿಡಿದುಕೊಂಡೇ, ಇವಳ ಕಾಯಂ ವಿಷಯ ಏನಾಯಿತು, ಯಾವಾಗ ಗೊತ್ತಾಗುತ್ತದೆ ಎಂದು ಕೇಳಿಬಿಟ್ಟೆ.

"ಐದು ನಿಮಿಷ," ಎಂದು ಲೀನಾ ತನ್ನ ಕೋಣೆಗೆ ಹೋದಳು.

ಆ ಮಾತಿನಲ್ಲಿ ನನಗೆ ಇಪ್ಪತ್ತಮೂರು ವರ್ಷದ ಅನುಭವ. ಕುರ್ಚಿ ಎಳೆದುಕೊಂಡು ಕುಳಿತೆ, ಕೈಗವಸು ತೆಗೆದೆ, ದಪ್ಪ ಕೋಟಿನ ಗುಂಡಿ ನಿಧಾನವಾಗಿ ಬಿಚ್ಚತೊಡಗಿದೆ, ಹಸಿವಾದರೆ ಇರಲಿ ಎಂದು ಚಿತ್ರಾನ್ನದ ಮುಚ್ಚಳವನ್ನೂ ಸಡಿಲಿಸಿದೆ. ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಲೀನಾ ಕಾಯಂ ಕಾಗದಕ್ಕೆ ಸಹಿ ಮಾಡಿ ತಂದು ಊರ್ಮಿಳಾಳ ಮುಂದಿಟ್ಟಳು. ಗೋಡೆಯ ಗಡಿಯಾರ ನೋಡಿದೆ. ಸರಿಯಾಗಿ ಐದು ನಿಮಿಷವಾಗಿತ್ತು.