ಲವಂಗವೋ, ದಾಲ್ಚಿನ್ನಿಯೋ

ಶಿಕಾರಿಪುರದ ಪೇಟೆಯಲ್ಲಿ ಗಂಗಾಶ್ರೀಯದು ಅತ್ತರು, ಊದುಬತ್ತಿಯ ಅಂಗಡಿ. ತಂದೆ ವೀರಬಸಪ್ಪನವರ ಕಾಲದಿಂದ ನಡೆದು ಬಂದದ್ದು. ಗಿರಾಕಿಯನ್ನೂ ಹವೆಯನ್ನೂ ನೋಡಿ ಒಪ್ಪುವ ಸೀಸೆ ಎತ್ತಿಕೊಡುವುದರಲ್ಲಿ ಅವಳು ಪಳಗಿದವಳು.

ಈ ಸಲ ದೀಪಾವಳಿ ಮುಗಿಯುತ್ತಲೇ ಜ್ವರ ಹಿಡಿಯಿತು. ಗುಣವಾಗಿ ಅಂಗಡಿಯ ಬಾಗಿಲು ತೆಗೆದಾಗ ಎಂದಿನ ಘಮ ಇರಲಿಲ್ಲ. ಮೂಗು ಕಟ್ಟಿರಬೇಕು ಅಂದುಕೊಂಡಳು. ಆದರೆ ಉಸಿರು ಸರಾಗವಾಗಿತ್ತು. ಕರ್ಪೂರದ ಡಬ್ಬಿ ತೆರೆದು ಮೂಗಿಗೆ ಹಿಡಿದಳು. ಆಮೇಲೆ ಗಂಧ, ಕೇದಿಗೆ. ಎಲ್ಲವೂ ಬರೀ ನೀರು ಮೂಸಿದ ಹಾಗೆ. ಗಂಡ ಗುರುಪ್ರಕಾಶನಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವೇ ಆಗಿಬಿಡುತ್ತದೆ ಎಂಬ ಭಯ. ಹಿಂದಿನ ಕೋಣೆಗೆ ಹೋಗಿ ಚಹಾಕ್ಕೆಂದು ಒಲೆಯ ಮೇಲೆ ಹಾಲಿಟ್ಟಳು.

ಅಷ್ಟರಲ್ಲಿ ಸುನಿತಾ ಬಂದಳು. ಕುಬಟೂರಿನವಳು, ಸೊರಬದಲ್ಲಿ ಕಚೇರಿ ಕೆಲಸ, ಹಳೆಯ ಗಿರಾಕಿ.

“ಚಳಿ ಶುರುವಾಯ್ತಲ್ರೀ ಗಂಗಕ್ಕ. ಮಲ್ಲಿಗೆ ಗಿಲ್ಲಿಗೆ ಬೇಡ, ಬೆಚ್ಚಗನ್ಸೋ ಅಂಥದ್ದು ಏನಾದ್ರೂ ಕೊಡ್ರೀ.”

ಗಂಗಾಶ್ರೀ ಎರಡು ಸೀಸೆ ಇಟ್ಟಳು. ಒಂದು ಲವಂಗ, ಕಾಳುಮೆಣಸಿನದು. ಇನ್ನೊಂದು ದಾಲ್ಚಿನ್ನಿ, ಏಲಕ್ಕಿಯದು. ಸುನಿತಾ ಒಂದೊಂದು ಮುಂಗೈಗೆ ಒಂದೊಂದು ಹಚ್ಚಿಕೊಂಡು ಎರಡೂ ಕೈ ಚಾಚಿದಳು.

“ಯಾವುದು ಇಟ್ಕೊಳ್ಳಲಿ? ನೀವೇ ಹೇಳ್ರೀ.”

ಗಂಗಾಶ್ರೀ ಬಗ್ಗಿ ಮೂಸಿದಳು. ಏನೂ ಇಲ್ಲ. ಯಾವ ಕೈಗೆ ಯಾವುದು ಹಚ್ಚಿದ್ದೆಂದು ಅವಳು ಗಮನಿಸಿರಲಿಲ್ಲ. ಸುಮ್ಮನೆ ಎಡಗೈ ಮುಟ್ಟಿ, “ಈ ಲವಂಗದ್ದು ನಿಮಗ ಒಪ್ತೈತಿ” ಅಂದಳು.

“ಅದು ದಾಲ್ಚಿನ್ನಿ ಅಲ್ವೇನ್ರೀ?”

ಗಂಗಾಶ್ರೀಯ ಮುಖ ಬಿಳುಪೇರಿತು. “ತಡೀರಿ, ಹಾಲಿಟ್ಟಿದ್ದೆ” ಎನ್ನುತ್ತ ಒಳಗೆ ಓಡಿದಳು. ಹಾಲು ಉಕ್ಕಿ ಒಲೆ ಆರಿತ್ತು. ಹೊತ್ತಿಸಲು ಲೈಟರ್ ಎತ್ತಿಕೊಂಡಳು.

“ಅಯ್ಯೋ, ಬಿಡ್ರೀ ಅದನ್ನ! ಗ್ಯಾಸು!”

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸುನಿತಾ ಹಾರಿ ಬಂದು ಲೈಟರ್ ಕಸಿದುಕೊಂಡಳು, ಒಲೆಯ ಗುಂಡಿ ತಿರುಗಿಸಿದಳು, ಅವಳನ್ನು ಹೊರಕ್ಕೆಳೆದಳು. ಇಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತರು.

“ಇಷ್ಟು ವಾಸನೆ ಹೊಡೀತಿದೆ, ನಿಮಗೆ ಬರ್ಲಿಲ್ವಾ?”

“ಬರವಲ್ದವ್ವ. ಯಾವುದೂ ಬರವಲ್ದು.” ಬೆಳಗಿನಿಂದ ತಡೆದಿದ್ದ ಅಳು ಒಡೆಯಿತು.

ಸುನಿತಾ ಅವಳ ಬೆನ್ನು ಸವರುತ್ತ ಕೂತಳು. ಆಮೇಲೆ ತನ್ನ ಕೈಗಳನ್ನು ಮೂಸಿ, “ಲವಂಗ ಬೇಡ ಬಿಡ್ರೀ, ಹಲ್ಲುನೋವು ನೆನಪಾಗುತ್ತೆ. ದಾಲ್ಚಿನ್ನೀನೇ ಕೊಡಿ” ಅಂದಳು. ಗುರುಪ್ರಕಾಶನಿಗೆ ಫೋನು ಮಾಡಿದವಳೂ ಅವಳೇ.

ಶಿವಮೊಗ್ಗದ ಡಾಕ್ಟರು, ಜ್ವರದ ವೈರಸ್ಸಿನಿಂದ ಹೀಗಾಗಿದೆ, ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು. ಗಂಗಾಶ್ರೀ ಅಡುಗೆಮನೆಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ನಿದ್ದೆಯಲ್ಲೂ ಬೆಚ್ಚಿ ಎದ್ದು, ಏನಾದರೂ ಸುಡುತ್ತಿದೆಯಾ ಎಂದು ಗಂಡನನ್ನು ಕೇಳುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಸಾರಿನ ತಟ್ಟೆಯಿಂದ ಸುಟ್ಟ ರಬ್ಬರಿನ ನಾತ ಬಂತು. ಹೆದರಿ ಡಾಕ್ಟರಿಗೆ ಫೋನು ಮಾಡಿದಳು. ತಪ್ಪಾಗಿಯಾದರೂ ಬರುತ್ತಿದೆಯಲ್ಲ, ಅದು ಒಳ್ಳೆಯ ಲಕ್ಷಣವೇ ಎಂದರು ಅವರು.

ಗಂಗಾಶ್ರೀ ಮತ್ತೆ ತಟ್ಟೆಯ ಮುಂದೆ ಕೂತಳು. ನಾತ ಇನ್ನೂ ಹಾಗೇ ಇತ್ತು. ಆದರೂ ಅನ್ನ ಕಲಸಿ, ಹೆದರುತ್ತಲೇ, ಪೂರ್ತಿ ಉಂಡಳು.