ಕೆಳಗಿಟ್ಟ ಕಾಫಿ ಬಟ್ಟಲು

ಸಂಜೆ ಐದೂಕಾಲಕ್ಕೆ ನಮ್ಮ ಸಲಹೆಗಾರರು ಕಾಫಿ ಬಟ್ಟಲನ್ನು ಕುಡಿಯದೆ ಕೆಳಗಿಟ್ಟರು. ಈಗಲೂ ಪಿಂಗಾಣಿ ನೆಲಕ್ಕೆ ತಾಗಿದ ಸದ್ದಾದರೆ ತಲೆಯೆತ್ತಿ ನೋಡುತ್ತೇನೆ.

ತೊಂಬತ್ತೊಂದರ ಚಳಿಗಾಲ. ದೋಹಾ ಆಗ ಚಿಕ್ಕ ಊರು. ಕಡಲಂಚಿನ ವೆಸ್ಟ್ ಬೇಯಲ್ಲಿ ಒಂದು ಹೋಟೆಲು ಬಿಟ್ಟರೆ ಬರೀ ಮರಳು. ಶುಕ್ರವಾರ ದಂಡೆಯಲ್ಲಿ ಮೀನು ಸುಟ್ಟು ತಿನ್ನುತ್ತಿದ್ದೆವು. ಸಲಹೆಗಾರರು ಗಾಳಿಗೆ ಬೆನ್ನು ಮಾಡಿ, ದೂರ ಕೂತು ಮೊಸರನ್ನ ತಿನ್ನುತ್ತಿದ್ದರು. ಕುವೈತಿನಲ್ಲಿ ಯುದ್ಧ ಶುರುವಾದ ಮೇಲೆ ಅದೆಲ್ಲ ನಿಂತಿತು. ಹೆಂಡತಿ ಕಿಟಕಿಗಳಿಗೆ ಪ್ಲಾಸ್ಟಿಕ್ ಅಂಟಿಸಿದಳು. ವಿಷಗಾಳಿ ಬಂದೀತೆಂದು ಮಗಳ ತೊಟ್ಟಿಲ ಪಕ್ಕ ಒದ್ದೆ ಟವೆಲು ಇಟ್ಟುಕೊಂಡು ಮಲಗುತ್ತಿದ್ದಳು. ಮಲಗುವುದೆಂದರೆ ಎಚ್ಚರವಾಗಿರುವುದೇ.

ನಾನು ಮಂಗಳೂರಿನಲ್ಲಿ ಬಿ.ಎ. ಮುಗಿಸಿದವನು. ಮದ್ರಸದಲ್ಲಿ ಕಲಿತ ಅರಬ್ಬಿಯನ್ನು ದೋಹಾದಲ್ಲಿ ತಿದ್ದಿಕೊಂಡು, ಸಮುದ್ರದ ನೀರನ್ನು ಸಿಹಿ ಮಾಡುವ ಕಚೇರಿಯೊಂದರಲ್ಲಿ ದುಭಾಷಿಯಾಗಿದ್ದೆ. ಸಲಹೆಗಾರರು ಮೈಸೂರಿನವರು, ನೀರಿನ ಇಂಜಿನಿಯರು. ನನ್ನನ್ನು ಇಟ್ಟುಕೊಂಡದ್ದೇ ಅವರ ಮಾತು ದಾಟಿಸಲು. ಅವರನ್ನು ಊರಿಗೆ ಕಳಿಸಿದರೆ ನಾನೂ ಗಂಟುಮೂಟೆ ಕಟ್ಟಬೇಕಿತ್ತು.

ಆಕಾಶದಲ್ಲಿ ನಡೆದಿದ್ದ ಯುದ್ಧವನ್ನು ನೆಲದ ಮೇಲೂ ವಿಸ್ತರಿಸುವ ಮಾತು ನಡೆದಿತ್ತು. ಇನ್ನಷ್ಟು ಸೈನ್ಯ ಬಂದರೆ ನೀರು ಕೊಡುತ್ತೀರಾ ಎಂದು ಸರ್ಕಾರದ ಮೇಲಿನವರು ನಮ್ಮ ಕಚೇರಿಯ ಅರಬ್ ಮುಖ್ಯಸ್ಥರನ್ನು ಕೇಳಿದ್ದರು. ಅವರು ಹೂಂ ಎನ್ನಲು ಹೊರಟಿದ್ದರು. ಸಲಹೆಗಾರರು ಕಚೇರಿಯಲ್ಲೇ ಬೇಡವೆಂದರು. "ಖಲಾಸ್, ಇನ್ನು ಆ ಮಾತು ಎತ್ತಬೇಡಿ" ಎಂಬ ಉತ್ತರ ಬಂತು. ಮರುದಿನ ಮುಖ್ಯಸ್ಥರ ಮನೆಯಲ್ಲಿ ಅತಿಥಿಗಳು ಸೇರುವ ಬೈಠಕ್‌ಗೆ ನಮ್ಮನ್ನೂ ಕರೆದರು.

ಕಾರಿನಲ್ಲಿ ನಾನು ಅಂದೆ: "ದಮ್ಮಯ್ಯ ಸರ್, ಇವತ್ತು ಎಂತದೂ ಹೇಳ್ಬೇಡಿ."

"ನಾನ್ಯಾಕಪ್ಪಾ ಮಾತಾಡ್ಲಿ? ಖರ್ಜೂರ ತಿಂದು ಬರೋಣ."

ಅಲ್ಲಿಯ ಕಾಫಿಗೆ ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಹಿನೀರು. ಫಿಲ್ಟರ್ ಕಾಫಿಯ ಮೈಸೂರಿನವರು ಮೂಸಿ ನೋಡಿ, ತುಂಬಿದ ಬಟ್ಟಲನ್ನು ಹಾಗೇ ಮುಂದೆ ನೆಲಕ್ಕಿಟ್ಟರು. ಅತಿಥಿ ಹಾಗಿಟ್ಟರೆ ಅವನಿಗೇನೋ ಬೇಡಿಕೆಯಿದೆ ಎಂದು ತಿಳಿಯುವುದು ಅಲ್ಲಿಯವರ ಪದ್ಧತಿ. ಅದನ್ನು ಕೇಳದೆ ಮನೆಯವರು ಬೇರೆ ಮಾತಿಗೆ ಹೋಗುವಂತಿಲ್ಲ.

ಎಲ್ಲರೂ ಬಟ್ಟಲಿನ ಕಡೆ ತಿರುಗಿದರು. "ಏನು ಬೇಕು, ಕೇಳಿ" ಎಂದರು ಮುಖ್ಯಸ್ಥರು ಅರಬ್ಬಿಯಲ್ಲಿ.

ನಾನು ಪಿಸುಗುಟ್ಟಿದೆ: "ಬಟ್ಟಲು ಕೆಳಗಿಟ್ರೆ ಬೇಡಿಕೆ ಅಂತ ಲೆಕ್ಕ ಸರ್. ಕಾಫಿ ಕಹಿ ಅಂತ ಹೇಳಿಬಿಡ್ಲಾ?"

ಸಲಹೆಗಾರರು ಬಟ್ಟಲಿನಿಂದ ತಲೆಯೆತ್ತಿದರು. "ಅವರಾಗೇ ಕೇಳಿದ್ಮೇಲೆ ಸುಳ್ಳು ಯಾಕೆ? ಹೇಳು. ಯುದ್ಧ ದೊಡ್ಡದು ಮಾಡೋಕೆ ನಮ್ಮ ನೀರು ಕೊಡೋದು ಬೇಡ. ಕುವೈತಲ್ಲಿ ಸಮುದ್ರಕ್ಕೆ ಎಣ್ಣೆ ಹರಿದಿದೆ. ಅದು ನಮ್ಮ ಪೈಪಿನ ಬಾಯಿಗೆ ಬಂದ್ರೆ ಊರಿನ ಮಕ್ಕಳಿಗೇ ಕುಡಿಯೋಕಿರಲ್ಲ. ಆಗಲ್ಲ ಅಂತ ಇವರು ಮೇಲಿನವರಿಗೆ ಹೇಳ್ಬೇಕು. ಅಷ್ಟೇ ನನ್ನ ಬೇಡಿಕೆ."

ಒಂದು ಮಾತೂ ಬಿಡದೆ ಅರಬ್ಬಿಗೆ ತಂದೆ. "ಯುದ್ಧ ಬಾಗಿಲಲ್ಲಿದೆ, ಈತ ಕೊಳಾಯಿಯ ಮಾತಾಡುತ್ತಾನೆ" ಎಂದು ಪಕ್ಕದವರೊಬ್ಬರು ನಕ್ಕರು. ಮುಖ್ಯಸ್ಥರು ನಗಲಿಲ್ಲ. "ಕೇಳಿದೆ" ಎಂದಷ್ಟೇ ಅಂದು ಎದ್ದುಹೋದರು.

ಆಮೇಲೆ ಕಚೇರಿಯಲ್ಲಿ ಫೋನ್ ಬಡಿದಾಗಲೆಲ್ಲ ನಮ್ಮನ್ನು ಊರಿಗಟ್ಟುವ ಕರೆಯೇ ಎನ್ನಿಸುತ್ತಿತ್ತು. "ಮಿಸೈಲಿಗೆ ಹೆದರ್ಬೇಕಾ, ನಿಮ್ಮ ಸರ್‌ಗೆ ಹೆದರ್ಬೇಕಾ, ಒಂದು ಹೇಳಿ" ಎನ್ನುತ್ತಿದ್ದಳು ಹೆಂಡತಿ. ನೆಲದ ಯುದ್ಧ ನಡೆದೇ ನಡೆಯಿತು. ಎಣ್ಣೆ ಮಾತ್ರ ನಮ್ಮ ದಂಡೆಯವರೆಗೆ ಬರಲಿಲ್ಲ.

ಯುದ್ಧ ನಿಂತ ಸುದ್ದಿ ರೇಡಿಯೋದಲ್ಲಿ ಬಂದ ದಿನ ಮತ್ತೆ ಬೈಠಕ್‌ಗೆ ಕರೆ. ಕಾಫಿ ಸುರಿಯುವವನು ಸಲಹೆಗಾರರನ್ನು ಬಿಟ್ಟು ಮುಂದಕ್ಕೆ ಹೋದ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಹಾಲು ಹಾಕಿದ ಚಹಾದ ಗ್ಲಾಸೊಂದು ಅವರ ಮುಂದೆ ಬಂತು.

"ಇದನ್ನು ಪೂರ್ತಿ ಕುಡಿಯಿರಿ. ಹಿಂದಿನ ಬೇಡಿಕೆಯನ್ನು ಹಾಗೇ ಮೇಲೆ ಮುಟ್ಟಿಸಿ ಬೈಸಿಕೊಂಡಿದ್ದೇನೆ. ಇನ್ನೊಂದನ್ನು ಹೊರುವ ಶಕ್ತಿ ನನಗಿಲ್ಲ" ಎಂದರು ಮುಖ್ಯಸ್ಥರು. ಅದನ್ನು ಕನ್ನಡಕ್ಕೆ ತಂದೆ.

ಸಲಹೆಗಾರರು ತಳ ಕಾಣುವವರೆಗೆ ಕುಡಿದರು. "ಸಕ್ಕರೆ ಜಾಸ್ತಿಯಾಯ್ತು ಕಣಯ್ಯಾ. ಇದನ್ನ ಮಾತ್ರ ಅರಬ್ಬಿಗೆ ಹಾಕ್ಬೇಡ."

ಆ ರಾತ್ರಿ ಹೆಂಡತಿ ಕಿಟಕಿಯ ಪ್ಲಾಸ್ಟಿಕ್ ಕಿತ್ತಳು. ಸಮುದ್ರದ ಗಾಳಿ ಒಳಗೆ ಬಂತು. ಟವೆಲು ಹಿಂಡಿ ಹಗ್ಗಕ್ಕೆ ಹಾಕಿದಳು. ನಮಗೆ ಎಚ್ಚರವಾದಾಗ ಬಿಸಿಲು ತೊಟ್ಟಿಲನ್ನು ಮುಟ್ಟಿತ್ತು. ಟವೆಲು ಹಪ್ಪಳದಂತೆ ಒಣಗಿತ್ತು.