ಚೀಟಿಯ ಕೆಳಗಿನ ಹೆಸರು

ಹೋದ ತಿಂಗಳು ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕದ ಗೋಡೆಗೆ ಯಾರೋ ಯಾವುದೋ ಕಾರ್ಯಕ್ರಮದ ಪೋಸ್ಟರ್ ಅಂಟಿಸಿ ಹೋಗಿದ್ದರು. ಅಂಟು ಇನ್ನೂ ಹಸಿ ಇತ್ತು. ತರಕಾರಿ ಚೀಲ ಹಿಡಿದು ಒಳಗೆ ಬರುತ್ತಿದ್ದವಳು ಆ ವಾಸನೆಗೆ ಅಲ್ಲೇ ನಿಂತೆ. ಬೇಯಿಸಿದ ಮೈದಾಹಿಟ್ಟಿನ, ಸ್ವಲ್ಪ ಹುಳಿ ಹಿಡಿದ, ಒಳಗೆಲ್ಲೋ ಮೈಲುತುತ್ತದ ಕಟು ಇರುವ ವಾಸನೆ. ಈ ಊರಿನಲ್ಲಿ ಇನ್ನೂ ಮೈದಾ ಅಂಟು ಕಾಯಿಸುವವರು ಉಳಿದಿದ್ದಾರೆಯೇ ಎಂದು ಮೊದಲು ಆಶ್ಚರ್ಯವಾಯಿತು. ಆಮೇಲೆ ಸಿಟ್ಟು ಬಂತು. ಎಂಬತ್ತರ ಹತ್ತಿರದ ಮುದುಕಿಯೊಬ್ಬಳು ಗೋಡೆಯ ಮುಂದೆ ನಿಂತು ಸಿಟ್ಟಾಗುವುದನ್ನು ಕಂಡು ವಾಚ್‌ಮನ್ "ಕ್ಯಾ ಹುವಾ ಮಾಜಿ?" ಎಂದ. ಏನಿಲ್ಲಪ್ಪ ಎಂದು ಕನ್ನಡದಲ್ಲೇ ಹೇಳಿ ಲಿಫ್ಟಿನ ಕಡೆ ನಡೆದೆ.

ಐವತ್ತರ ದಶಕದಲ್ಲಿ ನಾವಿದ್ದದ್ದು ಮುಂಬಯಿಯ ಮಲಾಡಿನ ಒಂದು ಚಾಳಿನ ಎರಡು ಖೋಲಿಗಳಲ್ಲಿ. ಧಾರವಾಡದಿಂದ ಬಂದ ಅಪ್ಪ ಹೊಟ್ಟೆಪಾಡಿಗೆ ಒಂದು ಆಫೀಸಿನಲ್ಲಿ ಗುಮಾಸ್ತರು. ಜೀವ ಮಾತ್ರ ದಾದರಿನ ಒಂದು ಕನ್ನಡ ಸಂಘದಲ್ಲಿ. ಅವರು ಅದರ ಕಾರ್ಯದರ್ಶಿ. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಅವ್ವ ಅವರಿಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದಳು. ಹೇಳುತ್ತಲೇ ಪ್ರತಿ ತಿಂಗಳ ಕೊನೆಯಲ್ಲಿ ಸ್ಟೋವಿನ ಮೇಲೆ ಪಾತೇಲಿ ಇಟ್ಟು ಅಂಟು ಕಾಯಿಸುತ್ತಿದ್ದಳು. ಇಲಿ, ಜಿರಲೆ ತಿನ್ನದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದಳು. ನಡುಮನೆಯ ನೆಲದ ತುಂಬ ದಪ್ಪ ಕಾಗದ ಹಾಸಿ, ಅಪ್ಪನ ತಂಗಿ ಯಮುನತ್ತಿ ಮಂಡಿಯೂರಿ ಕೂತು ಕೆಂಪು ಮಸಿಯಲ್ಲಿ ಮೇಲೆ ಬರೆಯುತ್ತಿದ್ದಳು: ಬರಲಿರುವ ಕಾರ್ಯಕ್ರಮಗಳು. ಕೆಳಗೆ ನೀಲಿಯಲ್ಲಿ ಒಂದೊಂದಾಗಿ, ರವಿವಾರ ಬೆಳಿಗ್ಗೆ ದಾದರಿನ ಥೇಟರಿನಲ್ಲಿ ಒಂದೇ ಒಂದು ಕನ್ನಡ ಸಿನಿಮಾ ಆಟ, ಹೋಟೆಲ್ ಕೆಲಸಗಾರರ ಯಕ್ಷಗಾನ, ಮಾಟುಂಗದಲ್ಲಿ ಹೆಂಗಸರ ಭಜನೆ, ಯಾರದೋ ಕೀರ್ತನೆ, ಯಾರದೋ ಸತ್ಕಾರ. ಅವಳ ಅಕ್ಷರ ಅಚ್ಚಿನಂತಿತ್ತು. ನಲವತ್ತು ಪ್ರತಿ ಬರೆದರೂ ನಲವತ್ತನೆಯದರಲ್ಲಿ ಒಂದು ಕೊಂಬೂ ಸೊಟ್ಟಾಗುತ್ತಿರಲಿಲ್ಲ. ಅಪ್ಪ ಮತ್ತು ಅವರ ಗೆಳೆಯರು ಅವನ್ನು ದಾದರಿನಿಂದ ಕಾಂದಿವಲಿಯವರೆಗೆ ಉಡುಪಿ ಹೋಟೆಲುಗಳ ಗೋಡೆಗೆ ಅಂಟಿಸಿ ಬರುತ್ತಿದ್ದರು.

ಯಮುನತ್ತಿಯನ್ನು ವಿಜಾಪುರಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಎರಡನೆಯವಳನ್ನು ತಂದ ದಿನ ಅವಳು ಒಂದು ಟ್ರಂಕು ಹಿಡಿದು ರೈಲು ಹತ್ತಿ ಅಣ್ಣನ ಮನೆಗೆ ಬಂದುಬಿಟ್ಟಳು. ಇಷ್ಟು ಕೇಳಿ ನೀವು ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವ ಹೆಂಗಸನ್ನು ನೆನೆಸಿಕೊಂಡರೆ ತಪ್ಪು. ಅವಳಿದ್ದ ಕಡೆ ನಗೆ ಇರುತ್ತಿತ್ತು. ನೀರಿನ ನಲ್ಲಿಯ ಮುಂದೆ ಜಗಳಾಡುವ ಮರಾಠಿ ಮಾವಶಿ, ಬಾಡಿಗೆ ವಸೂಲಿಗೆ ಬರುವ ಭಯ್ಯಾ, ಭಾಷಣಕ್ಕೆ ನಿಂತಾಗ ಧೋತರ ಸರಿಮಾಡಿಕೊಳ್ಳುವ ನಮ್ಮಪ್ಪ, ಯಾರನ್ನು ಹೇಳಿದರೂ ಅವರಾಗಿಬಿಡುವಳು. ಸೆರಗು ಒಮ್ಮೆ ಕೊಡವಿ ಹೊದ್ದರೆ ಸಾಕು, ಎದುರಿಗೆ ಬೇರೆಯೇ ಮನುಷ್ಯರು. ಇಡೀ ಚಾಳಿನ ಹೆಂಗಸರು ಮಧ್ಯಾಹ್ನ ಅವಳ ಸುತ್ತ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು. ನನಗಾಗ ಒಂಬತ್ತು ವರ್ಷ, ಶಾಲೆ ಬಿಟ್ಟರೆ ಓಡಿ ಬರುತ್ತಿದ್ದದ್ದೇ ಅದಕ್ಕಾಗಿ.

ಆ ವರ್ಷ ನಾಡಹಬ್ಬಕ್ಕೆ ಸಂಘದವರು ಒಂದು ನಾಟಕ ಎತ್ತಿಕೊಂಡರು. ಅದರಲ್ಲಿ ಬಾಯಿಬಡಕಿ ಸೋದರತ್ತೆಯೊಬ್ಬಳ ಪಾತ್ರವಿತ್ತು, ನಾಟಕವೆಲ್ಲ ನಿಂತದ್ದೇ ಅವಳ ಮೇಲೆ. ಅಲ್ಲಿಯವರೆಗೆ ಹೆಣ್ಣು ವೇಷಗಳನ್ನೆಲ್ಲ ದಾದರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ವಾಸು ಹಾಕುತ್ತಿದ್ದ. ಉಡುಪಿ ಕಡೆಯವನು, ಯಕ್ಷಗಾನದಲ್ಲಿ ಪಳಗಿದವನು. ಈ ಸಲ ಮುಂಬಯಿಯಂಥ ಶಹರದಲ್ಲಿ ಇನ್ನೂ ಗಂಡಸಿಗೆ ಸೀರೆ ಉಡಿಸುವುದೇ ಎಂದು ಅಪ್ಪನೇ ಸಭೆಯಲ್ಲಿ ಎದ್ದು ಹೇಳಿ, ತಮ್ಮ ತಂಗಿಯ ಹೆಸರನ್ನು ಮುಂದಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅಂದಿನಿಂದ ಎರಡು ತಿಂಗಳು ಯಮುನತ್ತಿ ಒಲೆಯ ಮುಂದೆ, ಬಟ್ಟೆ ಒಗೆಯುವಾಗ, ಲೋಕಲ್ ರೈಲಿನಲ್ಲಿ ತಾಲೀಮಿಗೆ ಹೋಗುವಾಗ ಅದೇ ಮಾತುಗಳನ್ನು ಹೇಳಿಕೊಂಡಳು. ಮೂವತ್ತೊಂದು ವರ್ಷದ ಆ ಹೆಂಗಸು ತನಗೇ ಅಂತ ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಮ್ಮವರದೊಂದು ಪದ್ಧತಿಯಿತ್ತು. ಪೋಸ್ಟರಿನಲ್ಲಿ ಪಾತ್ರಧಾರಿಗಳ ಹೆಸರಿನ ಮುಂದೆ ಅಡ್ಡಹೆಸರು, ಊರು ಎರಡೂ ಇರಲೇಬೇಕು. ನಾಟಕ ನೋಡಲು ಯಾರೂ ಬರುತ್ತಿರಲಿಲ್ಲ, ನಮ್ಮೂರಿನವನನ್ನು ನೋಡಲು ಬರುತ್ತಿದ್ದರು. ಗದಗಿನವನೊಬ್ಬ ದ್ವಾರಪಾಲಕನಾದರೂ ಗದಗಿನ ಇಪ್ಪತ್ತು ಜನ ಬಂದು ಕೂರುತ್ತಿದ್ದರು. ಯಮುನತ್ತಿ ತನ್ನ ಸಾಲಿನಲ್ಲಿ "ಯಮುನಾಬಾಯಿ" ಎಂದಷ್ಟೇ ಬರೆದು ಕೈ ಎತ್ತಿದಳು. ಅಪ್ಪ ನೋಡಿದರು.

"ಊರಿಲ್ಲದ ಹೆಸರು ಯಾರ್ ನೋಡ್ತಾರವ್ವಾ? ವಿಜಾಪುರದ ಮಂದಿ ಮಲಾಡ್‌, ಕಾಂದಿವಲ್ಯಾಗ ಎಷ್ಟ್ ಅದಾರ ಗೊತ್ತದ ಏನ? ನಿನ್ನ ಗಂಡನ ಮನಿ ಹೆಸರು ಹಾಕು. ಹಾಲ್ ತುಂಬತದ."

"ಬ್ಯಾಡ ಅಣ್ಣಾ," ಅಂದಳು.

ಅಪ್ಪ ಲೇಖನಿ ಇಸಿದುಕೊಂಡು ನಲವತ್ತು ಕಾಗದದ ಮೇಲೂ ತಾವೇ ಬರೆದರು. ಗಂಡನ ಮನೆಯ ಅಡ್ಡಹೆಸರು, ಮುಂದೆ ವಿಜಾಪುರ. ಅವರ ಸೊಟ್ಟ ಅಕ್ಷರ ಅವಳ ಅಕ್ಷರದ ಪಕ್ಕದಲ್ಲಿ ಎದ್ದು ಕಾಣುತ್ತಿತ್ತು.

ಒಂದು ವಾರವೂ ಆಗಿರಲಿಲ್ಲ. ಭೀಮರಾಯರು ಬಂದರು. ಯಮುನತ್ತಿಯ ಗಂಡನ ದೊಡ್ಡಪ್ಪನ ಮಗ, ಕಾಂದಿವಲಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ವಿಜಾಪುರದವರಿಗೆಲ್ಲ ಅವರ ಮಾತೇ ಮಾತು. ಅವ್ವ ಕೊಟ್ಟ ಚಹಾವನ್ನು ಮುಟ್ಟಲಿಲ್ಲ. "ನಮ್ಮ ಮನೆತನದ ಹೆಸರು ಒಯ್ದು ಹೋಟೆಲ್ಲಿನ ಗ್ವಾಡಿಗೆ ಹಚ್ಚೀರಿ, ಭಾಳ ಛೊಲೋ ಮಾಡಿದ್ರಿ. ಅಕೀ ಬಣ್ಣಾ ಹಚ್ಚಿ ನಿಂತ್ರ ನಮ್ಮ ಊರಿನವ ಒಬ್ಬನೂ ನಿಮ್ಮ ಸಂಘದ ಹೊಸ್ತಿಲಾ ತುಳ್ಯಾಂಗಿಲ್ಲ, ತಿಳೀರಿ," ಎಂದು ಎದ್ದು ಹೋದರು. ಅಪ್ಪನ ಮುಖ ಸಪ್ಪಗಾಯಿತು. ಯಮುನತ್ತಿ ಒಳಖೋಲಿಯ ಬಾಗಿಲಿಗೆ ಬಂದು ನಿಂತಳು.

"ಅಡ್ಡಹೆಸರು ತಗೀ ಅಣ್ಣಾ. ಊರೂ ತಗೀ. ಅವು ನನ್ನವಲ್ಲ. ಯಮುನಾಬಾಯಿ ಅಂತ ಅಷ್ಟ ಇರಲಿ."

"ಬರೇ ಯಮುನಾಬಾಯಿ ಅಂದ್ರ, ಯಾರಕೀ ಅಂತ ಕೇಳ್ತಾರವ್ವಾ ಮಂದಿ."

"ನಿನ್ನ ತಂಗಿ ಅನ್ನು."

ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆದುಬಿಟ್ಟರು. ಸಭೆಯಲ್ಲಿ ಎದ್ದು ನಿಂತು ಗಂಟೆಗಟ್ಟಲೆ ಮಾತಾಡುವ ಬಾಯಿ ಅದು! ಮರುದಿನ ಸಂಜೆ ಬಂದವರು, ಆ ಪಾತ್ರ ವಾಸುವೇ ಮಾಡುತ್ತಾನೆ, ಎಲ್ಲ ಕಡೆ ಹೆಸರಿನ ಮೇಲೆ ಚೀಟಿ ಹಚ್ಚಬೇಕು, ಇವತ್ತೇ ಬರೆದುಬಿಡವ್ವಾ, ನಿನ್ನ ಅಕ್ಷರವಾದರೆ ಗೊತ್ತಾಗುವುದಿಲ್ಲ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಕಸಿದವರೇ ಅವಳ ಕೈಯಿಂದಲೇ ಅದನ್ನು ಇನ್ನೊಬ್ಬನಿಗೆ ಬಡಿಸುವ ಹಾಗೆ ಮಾಡಿದರು. ಅವಳು ನಲವತ್ತು ಚೀಟಿ ಬರೆದಳು. ಒಂದು ಕೊಂಬೂ ಸೊಟ್ಟಾಗಲಿಲ್ಲ. ಅವ್ವ ಅಂಟು ಕಾಯಿಸುತ್ತ ಅಳುತ್ತಿದ್ದಳು, ಯಮುನತ್ತಿ ಅಳಲಿಲ್ಲ.

ನಾಟಕಕ್ಕೆ ನಾಲ್ಕು ದಿನವಿತ್ತು. ವಾಸು ಮನೆಗೇ ಬಂದು ಅವಳ ಕಾಲ ಬಳಿ ಕೂತ. "ಯಮುನಕ್ಕಾ, ನಂಗೆ ಒಂದು ಮಾತೂ ಬರುದಿಲ್ಲ ಮಾರಾಯ್ರೇ. ನಿಮ್ಮ ಧಾರವಾಡದ ಮಾತು ನನ್ನ ನಾಲಿಗೆಗೆ ಹೊರಳುದೇ ಇಲ್ಲ. ನೀವು ಬದಿಯಲ್ಲಿ ನಿಂತು ಹೇಳಿಕೊಡದಿದ್ರೆ ನನ್ನ ಮರ್ಯಾದೆ ಹೋಯ್ತು," ಎಂದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಯಮುನತ್ತಿ ಒಪ್ಪಿದಳು.

ರವಿವಾರ ಮಧ್ಯಾಹ್ನ ದಾದರಿನ ಒಂದು ಶಾಲೆಯ ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಭೀಮರಾಯರು ಹೂವಿನ ಹಾರ ಹಾಕಿಸಿಕೊಂಡು ಕೂತಿದ್ದರು. ನಾನೂ ಅವ್ವನೂ ಮೂರನೆಯ ಸಾಲಿನಲ್ಲಿದ್ದೆವು. ವಾಸು ಸೀರೆಯುಟ್ಟು ಬಂದು ಸೆರಗು ಕೊಡವಿದ ಕೂಡಲೇ ಜನ ಗೊಳ್ಳೆಂದು ನಕ್ಕರು. ಆ ನಗೆ ಮೂರು ತಾಸು ನಿಲ್ಲಲಿಲ್ಲ. ಅವ್ವ ಮಾತ್ರ ನಗಲಿಲ್ಲ, ರಂಗದ ಬಲಬದಿಯ ಪರದೆಯನ್ನೇ ನೋಡುತ್ತಿದ್ದಳು. ಕೊನೆಯಲ್ಲಿ ಭೀಮರಾಯರು ವೇದಿಕೆ ಹತ್ತಿ ವಾಸುವಿಗೆ ಶಾಲು ಹೊದಿಸಿದರು. ಅಪ್ಪ ವಂದನಾರ್ಪಣೆ ಮಾಡುತ್ತ ಸಭಾಗೃಹ ಕೊಟ್ಟವರು, ಕುರ್ಚಿ ಕೊಟ್ಟವರು, ಚಹಾ ಕಳಿಸಿದ ಹೋಟೆಲಿನವರು ಎಲ್ಲರನ್ನೂ ನೆನೆದರು. ಬದಿಯಲ್ಲಿ ನಿಂತವಳನ್ನು ನೆನೆಯಲಿಲ್ಲ.

ಅವರ್ಯಾರೂ ಈಗಿಲ್ಲ. ಚಾಳನ್ನು ಕೆಡವಿ ಯಾವ ಕಾಲವಾಯಿತೋ. ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ನನ್ನ ಮೊಮ್ಮಕ್ಕಳಿಗೆ ಈ ಬರಹವನ್ನು ಓದಲೂ ಬರುವುದಿಲ್ಲ. ಇಷ್ಟು ವರ್ಷ ನಾನು ಈ ಕಥೆಯನ್ನು ಯಾರಿಗೆ ಹೇಳಿದರೂ ಅಪ್ಪನನ್ನು ಬೈದು, ಭೀಮರಾಯರನ್ನು ಶಪಿಸಿ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಇನ್ನು ಯಾರಿಗೆ ಹೆದರಿ ಮುಚ್ಚಿಡಲಿ? ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಸಂಜೆ ಲೋಕಲ್ಲಿನಲ್ಲಿ ಹೆಂಗಸರ ಡಬ್ಬಿಯಲ್ಲಿ ನಾನು ಯಮುನತ್ತಿಯ ಮಗ್ಗುಲಿಗೆ ಕೂತಿದ್ದೆ. ಅವಳ ಧ್ವನಿ ಪೂರ್ತಿ ಕೂತುಹೋಗಿತ್ತು. "ಹ್ಯಾಂಗಿತ್ತs ನಾಟಕ?" ಎಂದು ಪಿಸುಗುಟ್ಟಿದಳು.

"ಭಾಳ ಛೊಲೋ ಇತ್ತು ಅತ್ತಿ! ವಾಸು ನಿನಗಿಂತ ಛೊಲೋ ಮಾಡಿದ."

"ಹೌದಾ? ನಡುನಡುವ ಮಾತು ಮರತಾ, ಗೊತ್ತಾತೇನು?"

"ಇಲ್ಲ ಬಿಡು. ಎಲ್ಲೂ ಮರೀಲಿಲ್ಲ. ಎಲ್ಲಾ ತಾನs ಹೇಳಿದ."

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಜಡೆಯಿಂದ ಜಾರುತ್ತಿದ್ದ ರಿಬ್ಬನ್ನನ್ನು ಬಿಗಿಯಾಗಿ ಕಟ್ಟಿದಳು. ಆಮೇಲೆ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲೇ ಇದ್ದಳು, ತಿಂಗಳು ತಪ್ಪದೆ ಬರಲಿರುವ ಕಾರ್ಯಕ್ರಮಗಳನ್ನು ಬರೆದಳು. ಚಾಳಿನ ಹೆಂಗಸರು ಎಷ್ಟು ಗೋಗರೆದರೂ, ನಾನು ಎಷ್ಟು ಹಟ ಹಿಡಿದರೂ, ಮತ್ತೆ ಯಾರನ್ನೂ ಅಣಕಿಸಿ ತೋರಿಸಲಿಲ್ಲ.